ಮುಟ್ಟದ ಬಸ್ಸು

ಸಿದ್ದಕಟ್ಟೆ ದಾಟಿದ ಮೇಲೆ ಸಿಗುತ್ತಿದ್ದ ಆ ತಿರುವು ಈಗ ಇಲ್ಲ. ಕಳೆದ ತಿಂಗಳು ಬಂಟ್ವಾಳದಿಂದ ಮೂಡುಬಿದಿರೆಯ ಬಸ್ಸು ಹಿಡಿದು ಬರುತ್ತಿದ್ದಾಗ, ಮೈ ಎಡಕ್ಕೆ ವಾಲಬೇಕಾದ ಜಾಗದಲ್ಲಿ ವಾಲಲಿಲ್ಲ. ಹೊರಗೆ ನೋಡಿದರೆ ಗುಡ್ಡದ ಮುಂಚಾಚನ್ನು ಕಡಿದು ರಸ್ತೆಯನ್ನು ನೆಟ್ಟಗೆ ಮಾಡಿದ್ದರು. ಆಗಷ್ಟೇ ಸುರಿದು ನಿಂತಿದ್ದ ಮಳೆಗೆ, ಕಡಿದ ಗುಡ್ಡದಿಂದ ಹಸಿ ಮಣ್ಣಿನ ವಾಸನೆ ಕಿಟಕಿಯೊಳಗೆ ಬಂತು. ನಾನು ತಿರುಗಿ ತಿರುಗಿ ನೋಡುವುದನ್ನು ಕಂಡು ಪಕ್ಕದಲ್ಲಿ ಕುಳಿತಿದ್ದ ಗೃಹಸ್ಥರು ಮಾತು ತೆಗೆದರು.

"ಈಗ ಒಳ್ಳೇದಾಯ್ತು ಅಜ್ಜೆರೇ. ಮೊದಲು ಇಲ್ಲಿ ಒಂದು ಕುಲೆ ಇತ್ತು. ದನದ ಡಾಕ್ಟ್ರನ್ನು ಬೈಕಿನಿಂದ ದೂಡಿ ಹಾಕಿದ್ದು ಅದೇ. ಬಿಳಿ ಹೊಗೆಯ ಹಾಗೆ ರಸ್ತೆಯಲ್ಲಿ ನಿಂತದ್ದನ್ನು ಕಣ್ಣಾರೆ ನೋಡಿದವರಿದ್ದಾರೆ."

"ಆಮೇಲೆ?" ಎಂದೆ.

"ಆಮೇಲೆಂತ, ಎದುರು ಬಂದ ಬಸ್ಸಿನ ಡ್ರೈವರು ದೈವದ ಎದುರು ಪ್ರಮಾಣ ಮಾಡಿದ. ಅಲ್ಲಿಗೆ ಮುಗೀಬೇಕಿತ್ತು. ಡಾಕ್ಟ್ರ ಕಡೆಯವರು ಮತ್ತೂ ಕೋರ್ಟಿಗೆ ಹೋದ್ರು. ಕೇಸು ಬಿತ್ತು. ಬೀಳದೆ ಇರ್ತದಾ ಮಾರಾಯ್ರೇ?"

ಸತ್ತವರ ಪ್ರೇತಕ್ಕೆ ನಮ್ಮ ಕಡೆ ಕುಲೆ ಎನ್ನುತ್ತಾರೆ. ಅದು ಬೈಕನ್ನು ದೂಡಿತು, ದೈವ ಮೊಕದ್ದಮೆಯನ್ನು ಕೆಡವಿತು: ಊರು ಈ ಘಟನೆಯನ್ನು ಹೀಗೆ ಎರಡು ಮಾತಿನಲ್ಲಿ ಕಟ್ಟಿ ಇಟ್ಟುಕೊಂಡಿದೆ. ಎರಡೂ ಸರಿಯಲ್ಲ. ದೂಡಿದ್ದು ಯಾವುದು ಎಂಬುದನ್ನು ಬೈಕಿನಿಂದ ಬಿದ್ದ ದಿನಕರನೇ ಮೊದಲ ದಿನ ಹೇಳಿದ್ದ. ಕೆಡವಿದವನು ಯಾರು ಎಂಬುದನ್ನು ಹೇಳಬೇಕಾದವನು ನಾನು. ನನಗೆ ಎಪ್ಪತ್ತಾರು ವರ್ಷ ಕಳೆಯಿತು. ನಾನು ಹೇಳದೆ ಹೋದರೆ ಕುಲೆ ಮತ್ತು ದೈವದ ಹೆಸರಿನಲ್ಲೇ ಈ ಸಂಗತಿ ಉಳಿದುಬಿಡುತ್ತದೆ. ಆದ್ದರಿಂದ ಆ ಮಳೆಗಾಲವನ್ನು ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬೆಳುವಾಯಿಯಲ್ಲಿ ನಲವತ್ತು ವರ್ಷ ಸೈಕಲ್ ರಿಪೇರಿಯ ಅಂಗಡಿ ನಡೆಸಿದೆ. ಪಂಕ್ಚರು ಹಾಕಿದ ಟ್ಯೂಬು ಒಣಗುವಷ್ಟು ಹೊತ್ತು ಓದುವುದು ನನಗಿದ್ದ ಅಭ್ಯಾಸ. ಮೂಡುಬಿದಿರೆಯ ಹಿರಿಯ ವಕೀಲರೊಬ್ಬರು ತೀರಿಕೊಂಡಾಗ ಅವರ ಪುಸ್ತಕಗಳು ಗುಜರಿಗೆ ಬಂದವು. ತೂಕಕ್ಕೆ ಕೊಂಡುತಂದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ತೀರ್ಪುಗಳನ್ನು ಒಂದೊಂದಾಗಿ ಓದಿದೆ. ಕ್ರಮೇಣ ಊರವರು ಅರ್ಜಿ ಬರೆಸಲು ನನ್ನಲ್ಲಿಗೆ ಬರತೊಡಗಿದರು. ಪಹಣಿ ತಿದ್ದುಪಡಿ, ಪಿಂಚಣಿ, ಗಡಿ ತಕರಾರು, ಎಲ್ಲವನ್ನೂ ಬರೆದೆ. ಯಾರು ಏನು ಹೇಳಿದರೂ ಮೊದಲು ಸಂಶಯಿಸುವುದು, ಆಮೇಲೆ ಅಳೆದು ನೋಡುವುದು ನನ್ನ ಕ್ರಮ. ಬಸದಿಯ ಕಲ್ಲಿನ ಬಗ್ಗೆ ಗೈಡುಗಳು ಹೇಳುವುದನ್ನೂ ನಾನು ಟೇಪು ಹಿಡಿದು ಪರೀಕ್ಷಿಸಿದವನು. ಈ ಗುಣದ ಬಗ್ಗೆ ನನಗೆ ಹೆಮ್ಮೆಯಿತ್ತು ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ದಿನಕರ ಡಾಕ್ಟರಲ್ಲ. ಹಾಲಿನ ಸೊಸೈಟಿಯ ಪರವಾಗಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಬೆಳ್ತಂಗಡಿ ತಾಲೂಕಿನ ಅಂಚಿನಲ್ಲಿ, ವೇಣೂರಿನ ಆಚೆ ಅವನ ಮನೆ. ಬೈಕಿನ ಹಿಂದೆ ರಬ್ಬರು ಪಟ್ಟಿಯಿಂದ ಬಿಗಿದ ಒಂದು ಸಣ್ಣ ಅಲ್ಯೂಮಿನಿಯಂ ಜಾಡಿ. ಅದರೊಳಗೆ ಹೊಗೆಯಾಡುವ ದ್ರವ ಸಾರಜನಕ. ಅದರಲ್ಲಿ ಮುಳುಗಿಸಿಟ್ಟ ವೀರ್ಯದ ಕಡ್ಡಿಗಳು. ದನ ಬೆದೆಗೆ ಬಂದಿದೆಯೆಂದು ಫೋನು ಹೋದರೆ ಮಳೆಯಾಗಲಿ ಬಿಸಿಲಾಗಲಿ ಅವನು ಹೊರಡಬೇಕು, ಏಕೆಂದರೆ ದನ ಯಾರಿಗಾಗಿಯೂ ಕಾಯುವುದಿಲ್ಲ.

ನಮ್ಮ ದನದ ಹಟ್ಟಿಗೂ ಅವನೇ ಬರುತ್ತಿದ್ದ. ಎಡಗೈಗೆ ಭುಜದವರೆಗೆ ತೆಳು ಪ್ಲಾಸ್ಟಿಕ್ ಗವಸು ಏರಿಸಿ, ಆ ಕೈಯನ್ನು ದನದ ಒಳಗೆ ತೂರಿಸಿ, ಕಣ್ಣು ಮುಚ್ಚಿ, ದೂರದ ಮಾತನ್ನು ಕೇಳಿಸಿಕೊಳ್ಳುವವನಂತೆ ಮುಖವನ್ನು ಮೇಲಕ್ಕೆತ್ತಿ ನಿಲ್ಲುತ್ತಿದ್ದ. ಕರುಳಿನ ಗೋಡೆಯ ಆಚೆಗಿರುವ ಗರ್ಭದ ಕೊರಳನ್ನು ಬೆರಳ ತುದಿಯಿಂದಲೇ ಹುಡುಕಿ ಹಿಡಿಯಬೇಕು. ಬಲಗೈಗೆ ಕೆಲಸ ಕಡಿಮೆ, ಅದು ಕಡ್ಡಿಯನ್ನು ದಾಟಿಸುತ್ತದೆ, ಅಷ್ಟೆ. ಕೆಲವೊಮ್ಮೆ ಕೈಯನ್ನು ಹಾಗೆಯೇ ಹಿಂದೆ ತೆಗೆದು, "ಇವತ್ತಲ್ಲ ಅಜ್ಜೆರೇ, ನಾಳೆ ಬೆಳಿಗ್ಗೆ ಬರ್ತೇನೆ" ಎನ್ನುತ್ತಿದ್ದ. ಅವನು ಹೇಳಿದ ಹೊತ್ತು ತಪ್ಪಿದ್ದನ್ನು ನಾನು ಕಾಣೆ.

"ಉಣ್ಣುವುದು ಬಲಗೈಯಲ್ಲಿ, ಉಣ್ಣಲಿಕ್ಕೆ ತರುವುದು ಎಡಗೈಯಲ್ಲಿ" ಎಂದು ಅವನು ನಗುತ್ತಿದ್ದ. ಅವನ ಹೆಂಡತಿ ವಾರಿಜ ಅದಕ್ಕೊಂದು ಸೇರಿಸುತ್ತಿದ್ದಳು: "ನನ್ನನ್ನು ನೋಡ್ಲಿಕ್ಕೆ ಬಂದ ದಿವಸ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿ ಕೂತಿದ್ರು. ಕೈ ಊನ ಉಂಟಾ ಅಂತ ನನ್ನ ಅಮ್ಮ ಕೇಳಿಯೇ ಬಿಟ್ರು."

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಹಿಡಿದಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ, ಸಿದ್ದಕಟ್ಟೆಯ ಹತ್ತಿರದ ಮನೆಯೊಂದರ ಕರೆಗೆ ದಿನಕರ ಹೊರಟಿದ್ದ. ಆ ತಿರುವಿನಲ್ಲಿ ಎದುರಿನಿಂದ ಒಂದು ಆಟೋ, ಅದನ್ನು ಹಿಂದಿಕ್ಕುತ್ತಾ ಒಂದು ಖಾಸಗಿ ಬಸ್ಸು. ಬಸ್ಸು ಪೂರ್ತಿಯಾಗಿ ದಿನಕರನ ಬದಿಗೇ ಬಂದಿತ್ತು. ಅವನು ಎಡಕ್ಕೆ ಸರಿದ. ಅಲ್ಲಿ ಮಣ್ಣು ಜಾರಿತು. ಬೈಕು ಚರಂಡಿಗೆ ಇಳಿಯಿತು. ಎಡ ಮೊಣಕೈ ಮೋರಿಯ ಕಲ್ಲಿನ ಅಂಚಿಗೆ ಬಡಿಯಿತು. ಜಾಡಿ ಕಳಚಿ ರಸ್ತೆಗೆ ಉರುಳಿ ಮುಚ್ಚಳ ಹಾರಿತು. ಒದ್ದೆ ರಸ್ತೆಯ ಮೇಲೆ ಸಾರಜನಕ ಚೆಲ್ಲಿದ್ದೇ ಬಿಳಿಯ ದಟ್ಟ ಹೊಗೆ ಎದ್ದು ಸೊಂಟದ ಎತ್ತರಕ್ಕೆ ನಿಂತಿತು. ರಸ್ತೆಬದಿಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸು ಸದ್ದು ಕೇಳಿ ಓಡಿಬಂದಾಗ ಅವಳಿಗೆ ಕಂಡದ್ದು ಬಸ್ಸೂ ಅಲ್ಲ, ಆಟೋವೂ ಅಲ್ಲ. ಮಳೆಯ ನಡುವೆ ನಿಂತ ಆ ಬಿಳುಪು ಮತ್ತು ಅದರ ಬುಡದಲ್ಲಿ ಬಿದ್ದ ಮನುಷ್ಯ. ಕುಲೆ ಹುಟ್ಟಿದ್ದು ಹೀಗೆ. ಇದನ್ನು ನಾನು ಎಷ್ಟು ಮಂದಿಗೆ ವಿವರಿಸಿದೆನೋ ಲೆಕ್ಕವಿಲ್ಲ. ಕೇಳಿದವರು ತಲೆಯಾಡಿಸಿ, ಮರುದಿನ ಮತ್ತೆ ಕುಲೆಯ ಕಥೆಯನ್ನೇ ಹೇಳುತ್ತಿದ್ದರು.

ಎತ್ತಿ ಆಸ್ಪತ್ರೆಗೆ ಹಾಕಿದವರು ಅಲ್ಲಿ ಹೇಳಿದ್ದು, "ಬೈಕು ಜಾರಿ ಬಿದ್ದದ್ದು" ಎಂದು. ಅದೇ ದಾಖಲೆಯಾಯಿತು. ಅವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಬೇರೆ ವಾಹನದ ಹೆಸರೆತ್ತಿದರೆ ಪೊಲೀಸು, ಸಾಕ್ಷಿ ಎಂದು ತಾವೂ ಅಲೆಯಬೇಕಾದೀತು ಎಂಬ ಭಯ, ಅಷ್ಟೆ. ನಮ್ಮ ಕಡೆಯ ಅರ್ಧಕ್ಕರ್ಧ ಅಪಘಾತಗಳು ಆಸ್ಪತ್ರೆಯ ಬಾಗಿಲಲ್ಲಿ ಹೀಗೆ ಜಾರಿ ಬಿದ್ದದ್ದಾಗಿಬಿಡುತ್ತವೆ.

ಮಂಗಳೂರಿನಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಿತು, ಮೊಣಕೈ ಅರ್ಧ ಮಡಚಿದಲ್ಲೇ ನಿಂತಿತು. ಕಿರುಬೆರಳು, ಉಂಗುರಬೆರಳುಗಳ ತುದಿಯಲ್ಲಿ ಸ್ಪರ್ಶ ಸತ್ತಿತು. "ಎಡಗೈ ತಾನೆ, ಕೆಲಸಕ್ಕೆ ತೊಂದರೆಯಾಗಲಿಕ್ಕಿಲ್ಲ" ಎಂದರಂತೆ ಡಾಕ್ಟರು. ವಾರಿಜ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಕೊಂಡಳು.

ಆ ಬಸ್ಸಿನ ಚಾಲಕ ಸಂಜೀವ ನೆರೆಗ್ರಾಮದವನೇ. ಆಸ್ಪತ್ರೆಗೂ ಬಂದು ನೋಡಿದ್ದ. ನನ್ನ ಬಸ್ಸಿನ ಮೇಲೆ ಸುಮ್ಮನೆ ಮಾತು ಬರುತ್ತಿದೆ, ಪ್ರಮಾಣಕ್ಕೆ ಸಿದ್ಧ ಎಂದು ಅವನೇ ಮುಂದಾದ. ತುಳುವರ ಆಟಿ ತಿಂಗಳಲ್ಲಿ ಅಂಥದ್ದೆಲ್ಲ ಆಗುವುದಿಲ್ಲವಾದ್ದರಿಂದ ಆಗಸ್ಟ್ ನಡುವೆ ಸೋಣ ತಿಂಗಳು ಹುಟ್ಟುವವರೆಗೆ ಕಾದರು. ಆಮೇಲೆ ಒಂದು ಬೆಳಿಗ್ಗೆ ಗ್ರಾಮದ ದೈವದ ಚಾವಡಿಯ ಮುಂದೆ, ಹಿರಿಯರು ನಾಲ್ಕು ಮಂದಿ ಕೂಡಿದರು. ಸಂಜೀವ ಒದ್ದೆ ಮುಂಡಿನಲ್ಲಿ ನಿಂತು, ದೀಪಕ್ಕೆ ಕೈ ತೋರಿ, ಸ್ಪಷ್ಟವಾಗಿ ಹೇಳಿದ: "ನನ್ನ ಬಸ್ಸು ದಿನಕರನ ಬೈಕನ್ನು ಮುಟ್ಲಿಲ್ಲ. ಮುಟ್ಟಿದ್ದಾದ್ರೆ ದೈವ ನನ್ನ ಕೈಯನ್ನು ತೆಗೆದುಕೊಳ್ಳಲಿ."

ದಿನಕರ, ಕೊರಳಿಗೆ ಕಟ್ಟಿದ ಕೈಯೊಂದಿಗೆ, ಬಲಗೈ ಚಾಚಿ ಗಂಧಪ್ರಸಾದ ತೆಗೆದುಕೊಂಡ. ಎರಡೂ ಕಡೆಯವರು ಪ್ರಸಾದ ತೆಗೆದುಕೊಂಡರೆ ವಿಷಯ ಮುಗಿಯಿತೆಂದು ಅರ್ಥ. ಮುಂದೆ ಆ ಮಾತನ್ನು ಎತ್ತುವಂತಿಲ್ಲ.

ನಾನು ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದೆ. ಪ್ರಮಾಣದಿಂದ ಸತ್ಯ ಹೊರಬೀಳುತ್ತದೆಂದು ನಾನು ಎಂದೂ ನಂಬಿದವನಲ್ಲ. ಇವನು ಸುಳ್ಳು ಹೇಳುತ್ತಿದ್ದಾನೆಂದು ಅಲ್ಲಿಯೇ ತೀರ್ಮಾನಿಸಿದೆ. ಹಿಂದಿರುಗುವಾಗ ದಿನಕರನಿಗೆ ಹಾಗೆಂದೆ.

"ಇಲ್ಲ ಅಜ್ಜೆರೇ, ಅವ ಸುಳ್ಳು ಹೇಳ್ಲಿಲ್ಲ" ಎಂದ.

"ಬೀಳುವ ಹೊತ್ತಿನಲ್ಲಿ ನಿನಗೆ ಎಲ್ಲ ಕಂಡಿತಾ?"

"ಬಸ್ಸು ಅಷ್ಟು ದೊಡ್ಡದುಂಟಲ್ಲ. ಮುಟ್ಟಿದ್ರೆ ಗೊತ್ತಾಗ್ಲಿಕ್ಕಿಲ್ವಾ?" ಎಂದು ನಕ್ಕ. ಆಮೇಲೆ, "ನನ್ನ ಬದಿಗೇ ಬಂದ. ನಾನು ತಪ್ಪಿಸಿಕೊಂಡೆ. ಅಷ್ಟೇ" ಎಂದ.

ಇಡೀ ಮೊಕದ್ದಮೆ ಆ ಮೂರು ವಾಕ್ಯಗಳಲ್ಲಿತ್ತು. ನಾನು ಅವುಗಳನ್ನು ಒಬ್ಬ ಮೆತ್ತಗಿನ ಮನುಷ್ಯನ ಸಂಕೋಚವೆಂದು ಬದಿಗೆ ತಳ್ಳಿದೆ.

ಏಕೆ ತಳ್ಳಿದೆ ಎಂಬುದಕ್ಕೆ ಕಾರಣವುಂಟು. ಗುಜರಿಯಿಂದ ತಂದ ಪುಸ್ತಕಗಳಲ್ಲಿ ನಾನು ಓದಿದ್ದ ಅಪಘಾತದ ತೀರ್ಪುಗಳೆಲ್ಲ ಡಿಕ್ಕಿಯಿಂದ ಆರಂಭವಾಗುತ್ತಿದ್ದವು. ಲಾರಿ ಸೈಕಲಿಗೆ ಹೊಡೆದದ್ದು, ಕಾರು ಪಾದಚಾರಿಗೆ ಹೊಡೆದದ್ದು. ಒಂದು ವಾಹನ ಇನ್ನೊಂದಕ್ಕೆ ಹೊಡೆಯದಿದ್ದರೆ ಪರಿಹಾರದ ಪ್ರಶ್ನೆಯೇ ಹುಟ್ಟುವುದಿಲ್ಲ ಎಂದು ನಾನು ನನ್ನಷ್ಟಕ್ಕೆ ತಿಳಿದುಕೊಂಡೆ. ಹಾಗೆಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ದೈವದ ಚಾವಡಿಯಲ್ಲಿ ಕೂಡಿದವರ ತಿಳಿವಳಿಕೆಯೂ ಅದೇ ಆಗಿತ್ತು: ಮುಟ್ಟಿದರೆ ತಪ್ಪು, ಮುಟ್ಟದಿದ್ದರೆ ತಪ್ಪಿಲ್ಲ. ಅವರನ್ನು ಸಂಶಯಿಸುತ್ತಾ ನಿಂತಿದ್ದ ನಾನು ಅವರ ಅಳತೆಗೋಲನ್ನೇ ಹಿಡಿದುಕೊಂಡಿದ್ದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೈಕನ್ನು ಪರೀಕ್ಷಿಸಿದೆ. ಅದು ದಿನಕರನ ಮನೆಯ ಹಿಂದೆ, ತಗಡಿನ ಮಾಡಿನ ಕೆಳಗೆ ನಿಂತಿತ್ತು. ಕಬ್ಬಿಣವನ್ನು ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಭಾವನೆ ನನಗೆ. ಎಡಬದಿ ನುಜ್ಜಾಗಿತ್ತು, ಅದು ಚರಂಡಿಯದು. ಆದರೆ ಬಲ ಹ್ಯಾಂಡಲಿನ ತುದಿಯಲ್ಲಿ ಒಂದು ಗೀರು. ಅದರಲ್ಲಿ ಹತ್ತಿಕೊಂಡ ನೀಲಿ ಬಣ್ಣ. ಬಸ್ಸೂ ನೀಲಿ. ಚರಂಡಿಗೆ ಎಡಕ್ಕೆ ಬಿದ್ದವನ ಬಲಬದಿಗೆ ನೀಲಿ ಎಲ್ಲಿಂದ ಬಂತು? ನಾನು ಬೆರಳಿನಿಂದ ಆ ಗೀರನ್ನು ಮುಟ್ಟಿ ನೋಡಿ ಎದ್ದು ನಿಂತಾಗ ನನಗಾದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ದೂರು ಬರೆಯಲು ಮೂರು ದಿನ ತೆಗೆದುಕೊಂಡೆ. "ಸದರಿ ಬಸ್ಸು ಅತಿವೇಗದಿಂದ ಬಂದು ನನ್ನ ಬೈಕಿನ ಬಲ ಹ್ಯಾಂಡಲಿಗೆ ಡಿಕ್ಕಿ ಹೊಡೆದ ಪರಿಣಾಮ" ಎಂಬಲ್ಲಿಂದ ಹಿಡಿದು ಎರಡು ಪುಟ. ಜಡಿಮಳೆಯಲ್ಲಿ ಬೆಳುವಾಯಿಯಿಂದ ಎರಡು ಬಸ್ಸು ಬದಲಿಸಿ ಅವನ ಮನೆಗೆ ಹೋದೆ. ಒದ್ದೆಯಾಗದಂತೆ ಕಾಗದವನ್ನು ಬನಿಯನ್ನಿನೊಳಗೆ ಇಟ್ಟುಕೊಂಡಿದ್ದೆ. ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ವಾರಿಜ ಹೊಸ್ತಿಲಲ್ಲಿ ನಿಂತು ಕೇಳಿದಳು.

"ಪ್ರಸಾದ ತೆಗೊಂಡ ಮೇಲೆ ಇದೆಲ್ಲ ಬೇಕಾ ಅಜ್ಜೆರೇ?" ಎಂದಳು.

"ದೈವದ ಮೇಲೆ ದೂರಲ್ಲ ಮಗಾ, ಬಸ್ಸಿನ ಮೇಲೆ. ಅವನ ಕೈ ಹೋಗಿದೆ. ಆ ಕೈಗೆ ಕಾನೂನಿನಲ್ಲಿ ಒಂದು ಬೆಲೆ ಉಂಟು. ಅದನ್ನು ಬಿಡಬಾರದು."

"ಬಿಡಬೇಕು ಅಂತ ಅಲ್ಲ" ಎಂದು ಅವಳು ಗಂಡನ ಮುಖ ನೋಡಿದಳು. ಆ ನೋಟವನ್ನು ನಾನು ದೈವದ ಭಯವೆಂದು ಓದಿದೆ.

"ಹೇಗೆ ದಿನಕರ, ಸರಿಯುಂಟಲ್ಲ?" ಎಂದೆ.

ಅವನು ನನ್ನ ಒದ್ದೆ ಅಂಗಿಯನ್ನೂ ಕಾಗದವನ್ನೂ ನೋಡಿದ. "ಹೌದು ಅಜ್ಜೆರೇ" ಎಂದು ಬಲಗೈಯಲ್ಲಿ ಸಹಿ ಹಾಕಿದ.

ಮುಂದಿನದು ಬೇಗ ಬೇಗ ನಡೆಯಿತು. ಎರಡು ತಿಂಗಳು ತಡವಾಗಿ ಬಂದ ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳಲು ಗೊಣಗಿದರು. ನಾನು ಕಲಮುಗಳನ್ನು ಹೇಳಿ ಒಪ್ಪಿಸಿದೆ. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು ಬಂದು ಬಸ್ಸನ್ನೂ ಬೈಕನ್ನೂ ನೋಡಿದರು. ಬಸ್ಸಿನಲ್ಲಿ ಗೀರಿಲ್ಲ, ತಗ್ಗಿಲ್ಲ. ಬೈಕಿಗೆ ಹತ್ತಿದ ನೀಲಿ ಬೇರೆ, ಬಸ್ಸಿನ ನೀಲಿ ಬೇರೆ. ಪೊಲೀಸರು ದೂರಿನಲ್ಲಿ ಹುರುಳಿಲ್ಲವೆಂದು ಬಿ ರಿಪೋರ್ಟು ಹಾಕಿ ಕಡತ ಮುಚ್ಚಿದರು. ನಾನು ಜಗ್ಗಲಿಲ್ಲ. ಬಸ್ಸಿಗೆ ಹೊಸ ಬಣ್ಣ ಬಳಿದಿದ್ದಾರೆ ಎಂದು ವಾದಿಸಿದೆ. ಬಂಟ್ವಾಳದ ವಕೀಲರೊಬ್ಬರ ಮೂಲಕ ಪರಿಹಾರದ ಅರ್ಜಿ ಹಾಕಿಸಿದೆ. ಅವರು ದೂರಿನಲ್ಲಿದ್ದದ್ದನ್ನೇ ಅರ್ಜಿಯಲ್ಲಿ ಬರೆದರು. ಕಾಗದಕ್ಕೂ ಕಾಗದಕ್ಕೂ ತಾಳೆಯಾಗಬೇಕಲ್ಲವೇ?

ಆ ಮಳೆಗಾಲದ ಕೊನೆಗೆ ದಿನಕರ ಒಮ್ಮೆ ಪ್ರಯತ್ನಪಟ್ಟ. ನಮ್ಮ ಹಟ್ಟಿಯಲ್ಲೇ. "ನಿಮ್ಮ ದನ ಸಾಧು, ನೋಡುವ" ಎಂದು ಗವಸು ಹಾಕಿಕೊಂಡ. ಮಡಚಿದ ಮೊಣಕೈ ಒಳಗೆ ಹೋಗಲೊಲ್ಲದು. ಬಲಗೈಯಿಂದ ಎಡಗೈಯನ್ನು ತಳ್ಳಿದ. ದನ ಒದ್ದಾಡಿತು. ಸ್ವಲ್ಪ ಹೊತ್ತು ಎಂದಿನಂತೆ ಕಣ್ಣು ಮುಚ್ಚಿ ಮುಖ ಮೇಲೆತ್ತಿ ನಿಂತ. ಆಮೇಲೆ ಕೈ ತೆಗೆದು, ಗವಸು ಕಳಚಿ, ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕೈ ತೊಳೆದ. "ಬೆರಳಿಗೆ ಏನೂ ಕೇಳುವುದಿಲ್ಲ ಅಜ್ಜೆರೇ" ಎಂದ. ಅಂದಿನಿಂದ ಆ ಕೆಲಸಕ್ಕೆ ಅವನು ಹೋಗಲಿಲ್ಲ. ಪರಿಹಾರವೊಂದೇ ಉಳಿದ ದಾರಿ ಎಂದು ನಾನು ಅವನಿಗೆ ಹೇಳಿದೆ; ವಾರಿಜಳಿಗೂ ಹೇಳಿದೆ. ಅವರು ಅದನ್ನು ನಂಬಿ ಎರಡು ವರ್ಷ ಬಂಟ್ವಾಳಕ್ಕೆ ಓಡಾಡಿದರು.

ಸಾಕ್ಷಿ ನುಡಿಯುವ ದಿನ ಬಂದಾಗ ಮೊದಲಿನ ವಕೀಲರು ಅನಾರೋಗ್ಯದಿಂದ ಮನೆ ಹಿಡಿದಿದ್ದರು. ಕಡತ ಅವರ ಕಚೇರಿಯ ಕಿರಿಯ ವಕೀಲೆಯ ಕೈಗೆ ಬಂದಿತ್ತು. ಮೂವತ್ತು ತುಂಬದ ಹೆಣ್ಣುಮಗಳು. ಬೆಳಿಗ್ಗೆ ಕಚೇರಿಯಲ್ಲಿ ನನ್ನನ್ನು ಹೊರಗೆ ಕುಳ್ಳಿರಿಸಿ ದಿನಕರನೊಬ್ಬನನ್ನೇ ಒಳಗೆ ಕರೆದು, "ನಿಮಗೆ ನೆನಪಿರುವ ಹಾಗೆ ಹೇಳಿ" ಎಂದಳಂತೆ. ಅಷ್ಟರವರೆಗೆ ಅವನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ಹೊರಗೆ ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಡಿಕ್ಕಿ ಅಂತ ಬರೆದದ್ದು ನೀವಾ?"

"ಹೌದು. ಮುಟ್ಟದಿದ್ರೆ ಕೇಸು ಎಲ್ಲಿ ನಿಲ್ತದೆ?"

"ಮುಟ್ಟಬೇಕು ಅಂತ ಯಾರು ಹೇಳಿದ್ದು ನಿಮಗೆ? ತಪ್ಪು ಬದಿಗೆ ಬಂದ ಬಸ್ಸನ್ನು ತಪ್ಪಿಸ್ಲಿಕ್ಕೆ ಹೋಗಿ ಅವರು ಬಿದ್ದದ್ದು. ಬಸ್ಸು ಓಡಿಸಿದ ರೀತಿಯಿಂದ ಗಾಯ ಆಯ್ತಲ್ಲ, ಅಷ್ಟು ಸಾಕು. ಮುಟ್ಟಲೇಬೇಕು ಅಂತ ಕಾನೂನಿನಲ್ಲಿ ಎಲ್ಲಿಯೂ ಇಲ್ಲ." ಅವಳ ದನಿ ಏರಲಿಲ್ಲ. "ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ರೆ ಇದು ಒಳ್ಳೆಯ ಕೇಸು ಅಜ್ಜಾ."

ನಾನು ವಾದಿಸಲು ಬಾಯಿ ತೆರೆದೆ. ನೀಲಿ ಬಣ್ಣದ ಮಾತೆತ್ತಿದೆ. ಹಿಂದಿನಿಂದ ದಿನಕರ ತಗ್ಗಿದ ದನಿಯಲ್ಲಿ, "ಅದು ಸೊಸೈಟಿಯ ಗೇಟಿನ ಬಣ್ಣ ಅಜ್ಜೆರೇ. ಆ ಗೇಟಿನಲ್ಲಿ ಬೈಕು ಹೊರಗೆ ತೆಗೆಯುವಾಗ ಯಾವಾಗಲೂ ತಾಗ್ತದೆ" ಎಂದ.

ನ್ಯಾಯಾಲಯದಲ್ಲಿ ಅವನು ಕಟಕಟೆಯಲ್ಲಿ ನಿಂತ. ಮಡಚಿದ ಕೈ ಎದೆಯ ಮುಂದೆ ಇತ್ತು. ವಿಮೆ ಕಂಪನಿಯ ವಕೀಲರು ಒರಟು ಮನುಷ್ಯರೇನಲ್ಲ, ನಿಧಾನವಾಗಿ ಕೇಳಿದರು.

"ಬಸ್ಸು ನಿಮ್ಮ ಬೈಕಿಗೆ ಡಿಕ್ಕಿ ಹೊಡೆಯಿತೇ?"

"ಇಲ್ಲ."

"ದೂರಿನಲ್ಲಿ ಹಾಗೆ ಬರೆದಿದೆಯಲ್ಲ?"

"ಅದು ಸರಿಯಲ್ಲ."

"ದೂರು ಬರೆದವರು ಯಾರು?"

ನಾನು ಎರಡನೆಯ ಬೆಂಚಿನಲ್ಲಿ ಕುಳಿತಿದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. "ಸಹಿ ನನ್ನದು" ಎಂದ.

ಬಸ್ಸು ತನ್ನ ಬದಿಗೆ ಬಂದಿತ್ತು, ತಪ್ಪಿಸಿಕೊಳ್ಳುವಾಗ ಬಿದ್ದೆ ಎಂದು ಅವನು ಆಮೇಲೆ ಹೇಳಿದ. "ಇದನ್ನು ಇಂದೇ ಮೊದಲ ಬಾರಿಗೆ ಹೇಳುತ್ತಿದ್ದೀರಿ ಎಂದರೆ ಸರಿಯೇ?" ಎಂದು ವಕೀಲರು ಕೇಳಿದರು. ಬಾಯಲ್ಲಿ ಅವನು ಅದನ್ನು ಬಿದ್ದ ದಿನದಿಂದ ಹೇಳುತ್ತಿದ್ದ. ಕಾಗದದಲ್ಲಿ ಅದೇ ಮೊದಲು. ನ್ಯಾಯಾಲಯ ಓದುವುದು ಕಾಗದವನ್ನು. ಕಿರಿಯ ವಕೀಲೆ ಚಾಲಕನನ್ನು ಕರೆಸಲು ಅರ್ಜಿ ಹಾಕಿದಳು. ಸಂಜೀವ ಆ ಬಸ್ಸು ಬಿಟ್ಟು ಕಾಸರಗೋಡಿನ ಕಡೆ ಹೋಗಿದ್ದ, ಸಮನ್ಸು ಹಿಂದಿರುಗಿತು. ಆಸ್ಪತ್ರೆಯಲ್ಲಿ ಒಂದು ಮಾತು, ದೂರಿನಲ್ಲಿ ಇನ್ನೊಂದು, ಕಟಕಟೆಯಲ್ಲಿ ಮತ್ತೊಂದು. ಅರ್ಜಿದಾರನನ್ನು ನಂಬಲು ಕಾರಣವಿಲ್ಲ ಎಂದು ಅರ್ಜಿ ವಜಾ ಆಯಿತು. ನಾನು ಕಂಡವರಲ್ಲೆಲ್ಲ ಸುಳ್ಳಾಡಲು ಬಾರದ ಮನುಷ್ಯ ಅವನೊಬ್ಬ. ನಂಬಲಾಗದವನೆಂದು ಬರಹದಲ್ಲಿ ಉಳಿದವನೂ ಅವನೇ.

ಮೇಲ್ಮನವಿ ಹಾಕಬಹುದು, ಅಲ್ಲಿ ಗೆಲ್ಲುವ ಸಾಧ್ಯತೆ ಇದೆ ಎಂದು ವಕೀಲೆ ಹೇಳಿದಳು. ದಿನಕರ ಒಪ್ಪಲಿಲ್ಲ. "ಎಷ್ಟು ಮಂದಿಯ ಎದುರು ನಿಂತು ಅದನ್ನೇ ಹೇಳುವುದು ಮೇಡಂ? ಸಾಕು" ಎಂದ.

ಸಂಜೀವನನ್ನು ನಾನು ಮತ್ತೆ ಕಂಡದ್ದು ಇನ್ನೊಂದು ವರ್ಷ ಕಳೆದ ಮೇಲೆ, ಮೂಡುಬಿದಿರೆಯ ಬಸ್ ನಿಲ್ದಾಣದ ಹೋಟೆಲಿನಲ್ಲಿ. ಕಾಲೇಜಿನ ಹುಡುಗರ ಗದ್ದಲದ ನಡುವೆ ಒಬ್ಬನೇ ಕುಳಿತು ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಎದುರು ಕುಳಿತು, ಮೂರು ವರ್ಷ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. "ಆ ತಿರುವಿನಲ್ಲಿ ನಿನ್ನ ಬಸ್ಸು ಯಾವ ಬದಿಯಲ್ಲಿತ್ತು?"

ಅವನು ಲೋಟವನ್ನು ಮೇಜಿನ ಮೇಲಿಟ್ಟ. "ಅವನ ಬದಿಯಲ್ಲಿ. ಆಟೋವನ್ನು ಓವರ್‌ಟೇಕ್ ಮಾಡ್ತಿದ್ದೆ."

"ಮತ್ತೆ ಅಷ್ಟು ಜನರ ಎದುರು ಪ್ರಮಾಣ ಮಾಡಿದೆಯಲ್ಲ?"

"ಮುಟ್ಟಿದೆಯಾ ಅಂತ ಕೇಳಿದ್ರು, ಮುಟ್ಲಿಲ್ಲ ಅಂತ ಹೇಳಿದೆ. ಪೊಲೀಸರು ಕೇಳಿದ್ದೂ ಅದನ್ನೇ. ನಿಮ್ಮ ದೂರಿನಲ್ಲಿ ಇದ್ದದ್ದೂ ಅದೇ. ನೀನು ಎಲ್ಲಿದ್ದೆ ಅಂತ ಯಾರೂ ಕೇಳ್ಲಿಲ್ಲ ಅಜ್ಜೆರೇ." ಆಮೇಲೆ, "ಕೇಳಿದ್ರೆ ಹೇಳ್ತಿದ್ದೆನಾ ಅಂತ ನನಗೂ ಗೊತ್ತಿಲ್ಲ. ಆದ್ರೆ ದೈವದ ಎದುರು ಸುಳ್ಳು ಹೇಳ್ತಿರ್ಲಿಲ್ಲ" ಎಂದ.

ಮೇಲ್ಮನವಿಯ ಅವಧಿ ಆಗಲೇ ಕಳೆದುಹೋಗಿತ್ತು. ಅಂದು ಸಂಜೆಯೇ ದಿನಕರನ ಮನೆಗೆ ಹೋದೆ. ಸಂಜೀವ ಹೇಳಿದ್ದನ್ನು ಹೇಳಿದೆ. ತಡವಾದರೂ ಕೋರ್ಟಿನ ಅನುಮತಿ ಕೇಳಬಹುದು ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ಆಮೇಲೆ ನಾನು, ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ನಿನ್ನ ಕೇಸನ್ನು ಕೆಡಿಸಿದವನು ನಾನು. ನೀನು ಹೇಳಿದ್ದನ್ನು ನಾನು ನಂಬಲಿಲ್ಲ.

"ಬಿಡಿ ಅಜ್ಜೆರೇ. ಓದುವಾಗಲೇ ನನಗೆ ಗೊತ್ತಾಗಿತ್ತು" ಎಂದ.

"ಗೊತ್ತಾಗಿ ಹೌದು ಅಂದೆಯಾ?"

ಉತ್ತರ ಕೊಟ್ಟವಳು ವಾರಿಜ. "ಮತ್ತೆಂತ ಹೇಳುವುದು? ಅಂಥ ಮಳೆಯಲ್ಲಿ, ಕಾಗದ ಹೊಟ್ಟೆಗೆ ಕಟ್ಟಿಕೊಂಡು ಬಂದವರಿಗೆ, ನೀವು ಬರೆದದ್ದು ತಪ್ಪು ಅಂತ ಹೇಳ್ಲಿಕ್ಕಾಗ್ತದಾ? ನಾನು ಹೇಳುವ ಅಂತ ಹೊರಟೆ. ಇವರು ಕಣ್ಣಲ್ಲೇ ಬೇಡ ಅಂದ್ರು."

ಹೊಸ್ತಿಲಲ್ಲಿ ಅಂದು ಅವಳು ಗಂಡನನ್ನು ನೋಡಿದ್ದು ಭಯದಿಂದಲ್ಲ. ದಾರಿ ತಪ್ಪುತ್ತಿರುವ ಹಿರಿಯನೊಬ್ಬನನ್ನು ತಡೆಯಲು ಅನುಮತಿ ಕೇಳಿದ್ದಳು, ಅಷ್ಟೆ. ನನ್ನ ಮರ್ಯಾದೆಗೆ ಅವರು ಒಂದು ಕೈಯ ಬೆಲೆ ತೆತ್ತಿದ್ದರು.

ಏಳಬೇಕೆಂದಿದ್ದೆ. ಅಷ್ಟರಲ್ಲಿ ವಾರಿಜ ಅವಲಕ್ಕಿ, ಬೆಲ್ಲ ತಂದಿಟ್ಟಳು. ನಾನು ತಿನ್ನುತ್ತಿದ್ದಾಗ ದಿನಕರ ಕೇಳಿದ: "ಒಂದು ಅರ್ಜಿ ಬರೆದುಕೊಡ್ಲಿಕ್ಕೆ ಆಗ್ತದಾ ಅಜ್ಜೆರೇ? ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವರು ಬೇಕಂತೆ. ಅದಕ್ಕೆ ಒಂದು ಕೈ ಸಾಕು."

"ನನ್ನಿಂದ ಯಾಕೆ? ಬೇರೆ ಯಾರಿಂದಾದರೂ ಬರೆಸು" ಎಂದೆ.

"ನಿಮ್ಮ ಅಕ್ಷರ ಒಳ್ಳೇದುಂಟು."

ಕಾಗದ ತರಿಸಿದೆ. "ನೀನು ಹೇಳು, ನಾನು ಬರೆಯುತ್ತೇನೆ. ನಾನು ಒಂದು ಪದವನ್ನೂ ಸೇರಿಸುವುದಿಲ್ಲ" ಎಂದೆ. ಅವನು ಯೋಚಿಸಿ ಯೋಚಿಸಿ ಹೇಳಿದ. ಹದಿನಾಲ್ಕು ವರ್ಷ ಸೊಸೈಟಿಯ ಕೆಲಸ ಮಾಡಿದ್ದೇನೆ. ಅಪಘಾತದಲ್ಲಿ ಎಡಗೈ ಊನವಾಗಿದೆ. ಬಲಗೈ ಸರಿಯುಂಟು. ಬೆಳಿಗ್ಗೆ ಬೇಗ ಬರಬಲ್ಲೆ. ನಡುವೆ ಒಂದೆಡೆ, "ಕೈಗೆ ನೋವಿಲ್ಲ" ಎಂದ. ನೋವಿಲ್ಲವೇ ಎಂದು ಕೇಳಲು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ, ಅವನು ಹೇಳಿದಂತೆ ಬರೆದೆ. ಬರೆದದ್ದು ಅರ್ಧ ಪುಟವೂ ಆಗಲಿಲ್ಲ.

ಓದಿ ಹೇಳಿದೆ. ಓದಿದ ಮೇಲೆ ಪೆನ್ನನ್ನು ಕೆಳಗಿಟ್ಟು, ಅವನ ಮುಖವನ್ನು ನೇರ ನೋಡುತ್ತಾ ಕೇಳಿದೆ: "ಸರಿಯುಂಟಾ ದಿನಕರ? ತಪ್ಪಿದ್ದರೆ ತಪ್ಪು ಅಂತಲೇ ಹೇಳು. ನನಗೆ ಬೇಸರವಿಲ್ಲ."

ಅವನು ವಾರಿಜಳ ಕಡೆ ನೋಡಲಿಲ್ಲ. ನನ್ನ ಕಡೆಯೇ ನೋಡಿ, ಮೊದಲಿನದೇ ಮೃದುವಾದ ದನಿಯಲ್ಲಿ, "ಹೌದು ಅಜ್ಜೆರೇ, ಸರಿಯುಂಟು" ಎಂದ.

ಅದು ಯಾವ ಹೌದು ಎಂದು ತಿಳಿಯುವ ಉಪಾಯ ನನ್ನಲ್ಲಿರಲಿಲ್ಲ. ಕಾಗದವನ್ನು ಅವನ ಬಲಗೈಗೆ ಕೊಟ್ಟೆ.